ಒಲಿ ಮುಂದಿನ ಮಾತು: ಈ ಸಲ ಪೂರ್ತಿ ಕ್ರಿಸ್‌ಮಸ್ ಪುಡಿಂಗ್

ಹೋದ ಸಂಚಿಕಿಯೊಳಗ ಡಿಸೆಂಬರ್ ತಿಂಡಿಗಳ ಬಗ್ಗೆ ಬರಿಯೂ ಮುಂದ ಒಂದ್ ಸಾಲು ಬರದಿದ್ದೆ, ಕ್ರಿಸ್‌ಮಸ್ ಕೇಕ್ ಎಲ್ಲಾರಿಗೂ ಗೊತ್ತೈತಿ, ಆದ್ರ ಒಣಹಣ್ಣು ಹಾಕಿ ಹಬಿಯೊಳಗ ಬೇಯಿಸೂ ಇಂಗ್ಲಿಷ್ ಮಂದಿಯ ಹಬ್ಬದ ಪುಡಿಂಗ್ ನಮ್ಮ ಕಡೆ ಮಂದಿ ಮರ್ತ ಬಿಟ್ಟಾರ ಅಂತ. ಅಷ್ಟಕ್ಕ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲಾ ಕಡೆಯಿಂದ ಪತ್ರ ಬಂದಾವು, ವಾಟ್ಸಾಪ್‌ನ್ಯಾಗಂತೂ ಇನ್ನೂ ಬರಾಕತ್ತಾವು. ಭಾಳ ಖುಷಿ ಆತ್ರಿ ಖರೇನ. ಹಂಗಾಗಿ ಉಳದ ಪ್ರಶ್ನೆ ಎಲ್ಲಾ ಮುಂದಿನ ತಿಂಗಳಿಗೆ ಇಟ್ಟು ಈ ಪುಟ ಪೂರ್ತಿ ಪುಡಿಂಗ್‌ಗ ಬಿಟ್ಟೀನಿ, ನವೆಂಬರ್ ಮುಗಿಯೂದ್ರೊಳಗ ಓದಿ ಸಾಮಾನು ತಂದ್ರ ಹಬ್ಬಕ್ಕ ಸರಿಯಾಗಿ ಕೂಡ್ತೈತಿ.

ಕೇಶ್ವಾಪುರ, ಹುಬ್ಬಳ್ಳಿಯಿಂದ ಒಬ್ಬ ಸೊಸಿ ಕೇಳ್ಯಾರ: ಅಕ್ಕಾರ, ನಮ್ಮ ಮಾವನವರು ರೈಲ್ವೆ ವರ್ಕ್‌ಶಾಪ್‌ನ್ಯಾಗ ಇದ್ರು. ಕ್ವಾರ್ಟರ್ಸ್‌ನ್ಯಾಗ ಇದ್ದಾಗ ಬಾಜೂ ಮನಿ ಆಂಗ್ಲೋ ಇಂಡಿಯನ್ ಆಂಟಿ ಪ್ರತಿ ಡಿಸೆಂಬರ್‌ಗೆ ಕರ್ರಗ ದುಂಡಗ ಇರೂ ಒಂದು ಸಿಹಿ ಕಳಸ್ತಿದ್ರಂತ, ಅತ್ತಿಯವರು ಈಗೂ ಅದರ ರುಚಿ ತಗೀತಿರ್ತಾರ. ನಮ್ಮನ್ಯಾಗ ಓವನ್ ಇಲ್ಲ. ಈ ಸಲ ಅತ್ತಿಯವರಿಗೆ ಮಾಡಿ ಕೊಡ್ಬೇಕು ಅಂತ ಐತಿ, ಮೊದಲಿಂದ ಹೇಳ್ರಿ.

ತಂಗಿ, ಓವನ್ ಬೇಕಾಗೂದೇ ಇಲ್ಲ, ಈ ಪುಡಿಂಗ್ ಹುಟ್ಟಿದ್ದ ಓವನ್ ಇಲ್ಲದ ಮನ್ಯಾಗ. ಇಂಗ್ಲೆಂಡಿನೊಳಗ ಮೊದಲು ಹಿಟ್ಟು, ಒಣಹಣ್ಣು, ಕೊಬ್ಬು ಎಲ್ಲಾ ಕಲಿಸಿ ಒಂದು ದಪ್ಪ ಅರಬಿಯೊಳಗ ಗಂಟು ಕಟ್ಟಿ ದೊಡ್ಡ ಪಾತ್ರೆಯ ಕುದಿಯೂ ನೀರಾಗ ಬಿಡ್ತಿದ್ರು, ನಿಮ್ಮ ಅತ್ತಿಯವರು ನೆನಸೂ ಆ ದುಂಡನೆ ಆಕಾರ ಆ ಗಂಟಿಂದ ಬಂದದ್ದು. ಆಮ್ಯಾಲೆ ಪಿಂಗಾಣಿ ಬೌಲಿನೊಳಗ ಹಾಕಿ ಹಬಿಯೊಳಗ ಬೇಯಿಸೂದು ರೂಢಿ ಆತು. ನಾವು ಸ್ಟೀಲ್ ಡಬ್ಬಿಯೊಳಗ ಮಾಡೂಣು, ಒಂದೂವರೆ ಲೀಟರ್ ಹಿಡಿಯೂದು, ತಳ ಸ್ವಲ್ಪ ಸಣ್ಣದಿದ್ದು ಬಾಯಿ ಅಗಲ ಇದ್ರ ಮಗುಚೂ ಮುಂದ ಸಲೀಸು.

8-10 ಮಂದಿಗೆ ಆಗೂವಷ್ಟು ಅಳತಿ ಹೇಳ್ತೀನಿ. ಕಪ್ಪು ಒಣದ್ರಾಕ್ಷಿ 200 ಗ್ರಾಂ, ಬಂಗಾರ ಬಣ್ಣದ್ದು 150 ಗ್ರಾಂ, ಬೀಜಾ ತಗದು ಹೆಚ್ಚಿದ ಖರ್ಜೂರ 50 ಗ್ರಾಂ, ಸಕ್ರಿ ಪಾಕದಾಗ ಹಾಕಿದ ಸಂತ್ರಾ ಸಿಪ್ಪಿ 50 ಗ್ರಾಂ. ಡಿಸೆಂಬರ್ ಬಂತಂದ್ರ ನಾಗಪುರ ಸಂತ್ರಾ ಪ್ಯಾಟ್ಯಾಗ ಬರ್ತೈತಿ, ಆ ಸಿಪ್ಪಿ ಒಗಿಬ್ಯಾಡ್ರಿ, ಎಳಿ ಎಳಿ ಹೆಚ್ಚಿ ಮೂರು ಸಲ ನೀರು ಬದಲಿ ಮಾಡಿ ಕುದಿಸಿದ್ರ ಕಹಿ ಹೋಗ್ತೈತಿ, ಆಮ್ಯಾಲೆ ಸಕ್ರಿ ಪಾಕದೊಳಗ ಸಣ್ಣ ಉರಿ ಮ್ಯಾಲೆ ಗಾಜಿನಂಗ ಹೊಳಿಯೂತನ ಬಿಟ್ರ ಮುಗೀತು. ಅಂಗಡ್ಯಾಗಿನ ಟೂಟಿ ಫ್ರೂಟಿ ಪಪ್ಪಾಯಿದು, ಬಣ್ಣ ಬರ್ತೈತಿ, ಸಂತ್ರಾ ಸಿಪ್ಪಿಯ ಆ ಸಣ್ಣ ಕಹಿ ಬರೂದಿಲ್ಲ, ಮತ್ತ ಇಷ್ಟು ಸಿಹಿಯೊಳಗ ಆ ಕಹಿ ಬೇಕೇ ಬೇಕು. ಇಷ್ಟೂ ಹಣ್ಣಿಗೆ ಇನ್ನೊಂದು ಸಂತ್ರಾದ ಸಿಪ್ಪಿ ಮ್ಯಾಲಿಂದ ಮ್ಯಾಲೆ ತುರದು ಹಾಕಿ, ಅದರ ರಸಾ ಹಿಂಡಿ, 50 ಎಂಎಲ್ ಬ್ರಾಂಡಿ ಹಾಕಿ (ಬ್ಯಾಡಾದವ್ರು ಅಷ್ಟೇ ಗಟ್ಟಿ ಚಹಾ ಡಿಕಾಕ್ಷನ್ ಹಾಕ್ರಿ), ಮುಚ್ಚಿ ಒಂದ್ ರಾತ್ರಿ ಇಡ್ರಿ. ಮುಂಜಾನೆ ನೋಡಿದ್ರ ದ್ರಾಕ್ಷಿ ಉಬ್ಬಿ ಚರ್ಮ ಬಿಗದಿರ್ತಾವು, ತಳದಾಗ ರಸಾ ಉಳದಿರೂದಿಲ್ಲ.

ಮುಂದ, ಹಳೇ ಬ್ರೆಡ್ಡಿನ ಪುಡಿ 100 ಗ್ರಾಂ, ಮೈದಾ 75 ಗ್ರಾಂ, ಕಪ್ಪು ಬೆಲ್ಲ ಕುಟ್ಟಿದ್ದು 150 ಗ್ರಾಂ, ಅರ್ಧ ಚಮಚಾ ಬೇಕಿಂಗ್ ಪೌಡರ್, ದಾಲ್ಚಿನ್ನಿ ಪುಡಿ 1 ಚಮಚಾ, ಜಾಜಿಕಾಯಿ ತುರಿ ಅರ್ಧ ಚಮಚಾ, ಒಣ ಶುಂಠಿ ಪುಡಿ ಅರ್ಧ ಚಮಚಾ, ಲವಂಗ 4 ಕುಟ್ಟಿ, ಚಿಟಿಕಿ ಉಪ್ಪು. 110 ಗ್ರಾಂ ಬೆಣ್ಣಿ ಫ್ರಿಜ್‌ನ್ಯಾಗ ಕಲ್ಲಾಗೂವಂಗ ಇಟ್ಟು ತುರದು ಹಾಕ್ರಿ, ಕರಗಿಸಿ ಹಾಕಬ್ಯಾಡ್ರಿ. ಒಂದು ಸೇಬು ತುರದು, 2 ತತ್ತಿ ಒಡದು ಕಲಸಿ, ನೆನದ ಹಣ್ಣು ಎಲ್ಲಾ ಸೇರಿಸಿ ತಿರವ್ರಿ. ಶಿರಸಿ ಯಲ್ಲಾಪುರ ಕಡೆ ನಿಮಗ ನೆಂಟ್ರಿದ್ರ ಜೋನಿ ಬೆಲ್ಲ ತರಿಸಿ ಒಂದು ದೊಡ್ಡ ಚಮಚಾ ಹಾಕ್ರಿ, ಇಂಗ್ಲಿಷ್ ರೆಸಿಪಿಯೊಳಗ ಟ್ರೀಕಲ್ ಅಂತ ಇರ್ತೈತಿ ನೋಡ್ರಿ, ಅದರ ಜಾಗಾಕ್ಕ ಇದಕ್ಕಿಂತ ಛಲೋದು ಇನ್ನೊಂದಿಲ್ಲ. ಹಿಟ್ಟು ಚಮಚಾದಿಂದ ತಾನಾಗೇ ನಿಧಾನಕ್ಕ ಜಾರಿ ಬೀಳ್ಬೇಕು, ಅಷ್ಟು ಹದ.

ಡಬ್ಬಿಗೆ ಬೆಣ್ಣಿ ಸವರಿ ತುಂಬಿ ಮ್ಯಾಲೆ ಎರಡು ಬಟ್ಟು ಜಾಗಾ ಬಿಡ್ರಿ. ಬಟರ್ ಪೇಪರ್ ನಡಕ ಒಂದು ಮಡಿಕಿ ಹಾಕಿ ಮುಚ್ಚಿ (ಪುಡಿಂಗ್ ಉಬ್ಬಿದಾಗ ಆ ಮಡಿಕಿ ಬಿಚ್ಚಿಕೊಳ್ತೈತಿ), ಅದರ ಮ್ಯಾಲೆ ಫಾಯಿಲ್, ಸುತಳಿಯಿಂದ ಕಂಠಕ್ಕ ಬಿಗಿಯಾಗಿ ಕಟ್ಟಿ, ಅದೇ ಸುತಳಿಯೊಳಗ ಮ್ಯಾಲೊಂದು ಹಿಡಿಕಿ ಮಾಡ್ರಿ, ಕುದಿಯೂ ನೀರಾಗಿಂದ ಎತ್ತೂ ಮುಂದ ಗೊತ್ತಾಗ್ತೈತಿ ಅದರ ಕಿಮ್ಮತ್ತು. ದೊಡ್ಡ ಬೋಗಾಣಿಯೊಳಗ ಸ್ಟ್ಯಾಂಡ್ ಇಟ್ಟು ಡಬ್ಬಿಯ ಅರ್ಧ ಮಟ್ಟಕ್ಕ ಕುದಿಯೂ ನೀರು ಹಾಕಿ, ಮುಚ್ಚಿ, 6 ತಾಸು. ಹೌದ್ರಿ, 6 ತಾಸು. ಹಬ್ಬದ ದಿನಾ ಮತ್ತ 2 ತಾಸು.

ಇಷ್ಟ್ಯಾಕ ಅಂತ ಕೇಳೇ ಕೇಳ್ತೀರಿ. ಬೇಯೂದು ಎರಡು ತಾಸಿನೊಳಗ ಬೇಯ್ತೈತಿ, ಕಡ್ಡಿ ಚುಚ್ಚಿದ್ರ ಸ್ವಚ್ಛನೂ ಬರ್ತೈತಿ, ಆದ್ರ ಆವಾಗ ತಗದ್ರ ಅದು ಕಂದು ಬಣ್ಣದ ಹಣ್ಣಿನ ಇಡ್ಲಿ ಅಷ್ಟ. ಬೆಲ್ಲದ ಸಕ್ರಿ, ತತ್ತಿ ಮತ್ತ ಹಿಟ್ಟಿನ ಪ್ರೋಟೀನ್ ಎರಡೂ ಕೂಡಿ ಕಪ್ಪಾಗೂ ಕ್ರಿಯೆ ಓವನ್ ಶಾಖಕ್ಕ ಜಲ್ದಿ ಆಗ್ತೈತಿ, ಹಬಿಯ ಶಾಖಕ್ಕ ತಾಸುಗಟ್ಟಲೆ ಬೇಕು. ಮತ್ತ ನಮ್ಮ ಹುಬ್ಬಳ್ಳಿ ಧಾರವಾಡ ಸಮುದ್ರ ಮಟ್ಟಕ್ಕಿಂತ 600-750 ಮೀಟರ್ ಎತ್ತರದಾಗ ಅದಾವು, ಇಲ್ಲೆ ನೀರು 98 ಡಿಗ್ರಿ ಆಸುಪಾಸು ಕುದೀತೈತಿ, 100ಕ್ಕ ಹೋಗೂದಿಲ್ಲ. ಹಂಗಾಗಿ ಅಲ್ಲಿಯವ್ರು 6 ತಾಸು ಅಂದದ್ದನ್ನ ನಾವು ಕಡಿಮಿ ಮಾಡೂ ಮಾತೇ ಇಲ್ಲ. ಅತ್ತಿಯವರು ನೆನಸೂ ಆ ಕರ್ರನೆ ಬಣ್ಣ, ಆ ಆಳದ ರುಚಿ ಕಡೀ ಮೂರು ತಾಸಿನ್ಯಾಗ ಬರ್ತೈತಿ.

ಬೋಗಾಣಿ ತಳದಾಗ ಒಂದು ನಾಣ್ಯ ತೊಳದು ಹಾಕಿಡ್ರಿ. ನೀರು ಕುದಿಯೂತನ ಅದು ಟಣಟಣ ಅಂತಿರ್ತೈತಿ, ನೀವು ಹಾಲ್‌ನ್ಯಾಗ ಕುಂತಿದ್ರೂ ಕೇಳ್ತೈತಿ, ಸಪ್ಪಳ ನಿಂತ್ರ ಎದ್ದು ಹೋಗಿ ಕುದಿಯೂ ನೀರು ಹಾಕ್ರಿ. ತಣ್ಣೀರು ಹಾಕಿದ್ರ ಹಬಿ ಮುರೀತೈತಿ.

ವಿದ್ಯಾನಗರದಿಂದ ಒಬ್ಬ ನೌಕರಿ ಮಾಡೂ ಹೆಣ್ಣಮಗಳು ಕೇಳ್ಯಾಳ: ಅಕ್ಕಾ, ಆರು ತಾಸು ಗ್ಯಾಸ್ ಹಚ್ಚೂದು ಅಂದ್ರ ನಮ್ಮನ್ಯಾಗ ಯಾರೂ ಒಪ್ಪೂದಿಲ್ಲ. ಕುಕ್ಕರ್‌ನ್ಯಾಗ ಆಗೂದಿಲ್ಲೇನು? ಎಷ್ಟು ಸೀಟಿ?

ಆಗ್ತೈತಿ, ಸೀಟಿ ಲೆಕ್ಕಾ ಮಾತ್ರ ಬಿಡು. ಕುಕ್ಕರ್ ಒಳಗ ಪ್ರೆಷರ್ ಪೂರ್ತಿ ಏರಿದಾಗ ಶಾಖ 120 ಡಿಗ್ರಿ ಹತ್ರ ಹೋಗ್ತೈತಿ, ಅದಕ್ಕ ಕಪ್ಪಾಗೂ ಕೆಲಸಾನೂ ಜಲ್ದಿ ಆಗ್ತೈತಿ, 6 ತಾಸಿನದು 2 ತಾಸಿಗೆ ಬರ್ತೈತಿ. ಮೊದಲ 20 ಮಿನಿಟ್ ವೇಟ್ ಹಾಕಲಾರದೆ ಬರೇ ಹಬಿ ಬಿಡು, ಹಿಟ್ಟು ಉಬ್ಬಾಕ ಅಷ್ಟು ಟೈಮ್ ಬೇಕು, ಮೊದಲ ಪ್ರೆಷರ್ ಬಿತ್ತಂದ್ರ ಗಟ್ಟಿ ಕುಂತ ಬಿಡ್ತೈತಿ. ಆಮ್ಯಾಲೆ ವೇಟ್ ಹಾಕಿ, ಪ್ರೆಷರ್ ಬಂದ ಕೂಡ್ಲೆ ಉರಿ ಪೂರಾ ಸಣ್ಣ ಮಾಡಿ ಒಂದು ತಾಸು.

ಒಂದು ಮಾತು ಭಾಳ ಮುಖ್ಯ, ದಯಮಾಡಿ ಕೇಳು. ಎರಡು ತಾಸು ಒಮ್ಮೆಲೇ ಬಿಡಬ್ಯಾಡ, ಒಂದು ತಾಸಿಗೆ ಬಂದ್ ಮಾಡಿ, ಪ್ರೆಷರ್ ತಾನಾಗೇ ಇಳದ ಮ್ಯಾಲೆ ಮುಚ್ಚಳಾ ತಗದು ನೀರು ನೋಡಿ ಕುದಿಯೂ ನೀರು ತುಂಬಿ ಮತ್ತ ಒಂದು ತಾಸು ಇಡು. ಕುಕ್ಕರ್ ಒಣಗಿತಂದ್ರ ಗ್ಯಾಸ್ಕೆಟ್ ಸುಡ್ತೈತಿ, ವಾಲ್ವ್ ಹಾರ್ತೈತಿ, ಇದು ಅನ್ನಾ ಬ್ಯಾಳಿ ಮಾಡೂವಂಗ 10 ಮಿನಿಟಿನ ಕೆಲಸಾ ಅಲ್ಲವ್ವ. 5 ಲೀಟರಿನ ಕುಕ್ಕರ್‌ಗಿಂತ ಸಣ್ಣದು ಬ್ಯಾಡ, ನೀರಿಗೂ ಹಬಿಗೂ ಜಾಗಾ ಬೇಕು. ಅಲ್ಯೂಮಿನಿಯಂ ಕುಕ್ಕರ್ ಇದ್ರ ನೀರಾಗ ಸಣ್ಣ ಹುಣಸಿಹಣ್ಣಿನ ಚೂರು ಹಾಕು, ಒಳಗ ಕಪ್ಪಾಗೂದಿಲ್ಲ. ಹಬ್ಬದ ದಿನಾ ಬಿಸಿ ಮಾಡಾಕ ಪ್ರೆಷರ್‌ನ್ಯಾಗ 30 ಮಿನಿಟ್ ಸಾಕು.

ಹಳ್ಳಿ ಮನಿಯೊಳಗ ಬಚ್ಚಲ ಒಲಿ ಇನ್ನೂ ಇದ್ದವ್ರಿಗೆ ಹೇಳ್ತೀನಿ, ನೀವು ಪುಣ್ಯವಂತರು, ಮುಂಜಾನೆ ನೀರು ಕಾಯಿಸಿದ ಮ್ಯಾಲೆ ಆ ಕೆಂಡದ ಮ್ಯಾಲೆ ಬೋಗಾಣಿ ಇಟ್ಟು ಆಗಾಗ ಒಂದೊಂದು ಕಟ್ಟಿಗಿ ದೂಡ್ತಿದ್ರ ಮಧ್ಯಾಹ್ನದೊಳಗ ಪುಡಿಂಗ್ ತಯಾರ.

ಮಾಳಮಡ್ಡಿ, ಧಾರವಾಡದಿಂದ ಒಬ್ಬರು ಕೇಳ್ಯಾರ: ನಮ್ಮದು ಪೂರ್ತಿ ಶಾಕಾಹಾರಿ ಮನಿ. ಇದರೊಳಗ ದನದ ಕೊಬ್ಬು ಹಾಕ್ತಾರಂತ ಕೇಳೇವಿ, ಖರೇ ಏನ್ರಿ? ತತ್ತಿ, ಬ್ರಾಂಡಿನೂ ನಡಿಯೂದಿಲ್ಲ. ಇವು ಮೂರೂ ಇಲ್ಲದ ಆದೀತ ಅಥವಾ ಆಸಿ ಬಿಡೂದ ಛಲೋದ?

ಖರೇ ಐತ್ರಿ. ಸೂಟ್ ಅಂತಾರ ಅದಕ್ಕ, ದನದ್ದು ಇಲ್ಲಾ ಕುರಿದು, ಮೂತ್ರಪಿಂಡದ ಸುತ್ತ ಇರೂ ಗಟ್ಟಿ ಕೊಬ್ಬು. ಹೊರದೇಶದಿಂದ ಬಂದ ರೆಡಿಮೇಡ್ ಪುಡಿಂಗ್ ಡಬ್ಬಿ ತರಾವ್ರು ಅದಕ್ಕ ಹಿಂದಿನ ಲೇಬಲ್ ಪೂರ್ತಿ ಓದ್ರಿ, ವೆಜಿಟೇಬಲ್ ಸೂಟ್ ಹಾಕಿದ್ದೂ ಬರ್ತಾವು, ಪ್ರಾಣಿದು ಹಾಕಿದ್ದೂ ಬರ್ತಾವು. ಮನ್ಯಾಗ ಮಾಡಿದ್ರ ಈ ಚಿಂತಿನೇ ಇಲ್ಲ.

ಆ ಕೊಬ್ಬಿನ ಕೆಲಸಾ ಏನಂದ್ರ, ಅದು ಬೆಣ್ಣಿಗಿಂತ ಹೆಚ್ಚಿನ ಶಾಖಕ್ಕ, 45-50 ಡಿಗ್ರಿಗೆ ಕರಗ್ತೈತಿ, ಅಷ್ಟೊತ್ತಿಗೆ ಸುತ್ತಲಿನ ಹಿಟ್ಟು ಗಟ್ಟಿಯಾಗಾಕ ಶುರು ಆಗಿರ್ತೈತಿ, ಕೊಬ್ಬು ಕರಗಿದ ಜಾಗಾದಾಗ ಸಣ್ಣ ಸಣ್ಣ ತೂತು ಉಳದು ಪುಡಿಂಗ್ ಹಗುರ ಆಗ್ತೈತಿ. ಬೆಣ್ಣಿ ಅದಕ್ಕಿಂತ ಮೊದಲ ಕರಗ್ತೈತಿ. ಅದಕ್ಕಂತ ಬೆಣ್ಣಿ ಕಲ್ಲಿನಂಗ ಗಟ್ಟಿ ಮಾಡಿ ತುರದು ಹಾಕ್ರಿ ಅಂತ ಮ್ಯಾಲೆ ಹೇಳಿದ್ದು, ತುರದ ಮ್ಯಾಲೆ ಕೈಯಿಂದ ತಿಕ್ಕಬಾರದು, ಹಿಟ್ಟಿನೊಳಗ ಹೊಳ್ಳಾಡಿಸಿ ಬಿಡ್ಬೇಕು. ತುಪ್ಪ ಹಾಕಿದ್ರ ಹದ ಎಣ್ಣಿ ಎಣ್ಣಿ ಆಗ್ತೈತಿ ಮತ್ತ ತುಪ್ಪದ ವಾಸನಿ ಉಳದದ್ದನ್ನೆಲ್ಲಾ ಮುಚ್ಚಿ ಬಿಡ್ತೈತಿ, ನಾನಂತೂ ಹೇಳೂದಿಲ್ಲ.

ತತ್ತಿ ಬದಲಿಗೆ ಹೊರಗ ಹುಡ್ಕೂದು ಬ್ಯಾಡ, ನಮ್ಮ ಕಡೆ ಎಲ್ಲಾ ಮನ್ಯಾಗೂ ಅಗಸಿ ಐತಿ. ಹಿಂಡಿ ಮಾಡಿಟ್ಟದ್ದಲ್ಲ ಮತ್ತ, ಉಪ್ಪು ಖಾರ ಇಲ್ಲದ ಬರೇ ಅಗಸಿ. ಹುರೀಲಾರದೆ ಸಣ್ಣಗ ಪುಡಿ ಮಾಡಿ, ಒಂದು ತತ್ತಿಗೆ ಒಂದು ದೊಡ್ಡ ಚಮಚಾ ಪುಡಿಗೆ ಮೂರು ಚಮಚಾ ನೀರು ಕಲಸಿ 10 ಮಿನಿಟ್ ಬಿಟ್ರ ಲೋಳಿ ಲೋಳಿ ಆಗ್ತೈತಿ, ಅದು ಹಿಟ್ಟು ಹಿಡಕೊಳ್ತೈತಿ. ಕೇಕ್‌ನ್ಯಾಗ ಅಗಸಿ ಹಾಕಿದ್ರ ಭಾರ ಆತು ಅಂತಾರ, ಪುಡಿಂಗ್ ಮೊದಲ ಭಾರದ ತಿಂಡಿ, ಹಂಗಾಗಿ ಇಲ್ಲಿ ಅದು ಬರೋಬ್ಬರಿ ಹೊಂದ್ತೈತಿ. ಬ್ರಾಂಡಿ ಜಾಗಾಕ್ಕ ಸಂತ್ರಾ ರಸಾ ಮತ್ತ ಚಹಾ ಡಿಕಾಕ್ಷನ್ ಅರ್ಧಾ ಅರ್ಧಾ. ಆಸಿ ಯಾಕ ಬಿಡ್ತೀರಿ, ಮಾಡ್ರಿ! ಬ್ರಾಂಡಿ ಇಲ್ಲದ್ದು ಜಾಸ್ತಿ ದಿನಾ ಇಡಾಕ ಬರೂದಿಲ್ಲ ಅನ್ನೂದೊಂದ ಫರಕು. ಆರಿದ ಮ್ಯಾಲೆ ಫ್ರಿಜ್‌ನ್ಯಾಗ ಎರಡು ವಾರ, ಅದಕ್ಕಿಂತ ಹೆಚ್ಚಿಗೆ ಫ್ರೀಜರ್.

ಮನ್ಯಾಗ ಸಣ್ಣ ಹುಡುಗ್ರು ಇದ್ದವ್ರಿಗೂ ಇದೇ ಉತ್ತರ. ಬೇಯಿಸಿದ ಮ್ಯಾಲೆ ಬ್ರಾಂಡಿ ಪೂರ್ತಿ ಹಾರಿ ಹೋಗ್ತೈತಿ ಅಂತ ಮಂದಿ ಹೇಳ್ತಾರ, ಪೂರ್ತಿ ಹೋಗೂದಿಲ್ಲ, ಅದರಾಗೂ ಮುಚ್ಚಿ ಬೇಯಿಸಿದ್ದು ಇದು. ಹುಡುಗ್ರಿಗೆ ಕೊಡೂದಿದ್ರ ಚಹಾ ಡಿಕಾಕ್ಷನ್‌ದ್ದ ಮಾಡ್ರಿ.

ಗದಗಿನಿಂದ ಒಬ್ಬ ಓದುಗರು: ರೆಸಿಪಿಯೊಳಗ ರೇಸಿನ್ಸ್, ಸುಲ್ತಾನಾ, ಕರಂಟ್ಸ್ ಅಂತ ಮೂರು ಬರದಾರ. ಕಿರಾಣಿ ಅಂಗಡ್ಯಾಗ ಕೇಳಿದ್ರ ಎಲ್ಲಾ ಒಂದ ಅಂತಾರ, ಇನ್ನೊಂದು ಅಂಗಡ್ಯಾಗ ಬ್ಲಾಕ್ ಕರಂಟ್ ಅಂತ ಡಬಲ್ ರೇಟಿಗೆ ಕೊಟ್ರು. ಯಾವುದು ತರೂದು?

ಮೂರೂ ದ್ರಾಕ್ಷಿನ, ಜಾತಿ ಬ್ಯಾರೆ. ಸುಲ್ತಾನಾ ಅಂದ್ರ ಬೀಜಾ ಇಲ್ಲದ ಬಿಳಿ ದ್ರಾಕ್ಷಿ ಒಣಗಿಸಿದ್ದು, ಮೆತ್ತಗ ಇರ್ತೈತಿ. ರೇಸಿನ್ಸ್ ಅಂದ್ರ ಅದಕ್ಕಿಂತ ಕಪ್ಪು, ದೊಡ್ಡದು. ಕರಂಟ್ಸ್ ಅಂದ್ರ ಗ್ರೀಸ್ ಕಡೆಯ ಭಾಳ ಸಣ್ಣ ಕಪ್ಪು ದ್ರಾಕ್ಷಿ, ಒಣಗಿದ ಮ್ಯಾಲೆ ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡದು, ಹುಳಿ ಸಿಹಿ. ಬ್ಲಾಕ್ ಕರಂಟ್ ಅನ್ನೂ ಹಣ್ಣಿಗೂ ದ್ರಾಕ್ಷಿಗೂ ಸಂಬಂಧನ ಇಲ್ಲ, ಅದು ಥಂಡಿ ದೇಶದಾಗ ಗಿಡಗಂಟಿಯೊಳಗ ಬೆಳಿಯೂ ಹಣ್ಣು, ಮತ್ತ ನಮ್ಮ ಅಂಗಡ್ಯಾಗ ಆ ಹೆಸರಿಲೆ ಮಾರೂದು ಬಹಳಷ್ಟು ಸಲ ಕಪ್ಪು ಒಣದ್ರಾಕ್ಷಿನ ಇರ್ತೈತಿ. ಡಬಲ್ ರೊಕ್ಕಾ ಕೊಡಬ್ಯಾಡ್ರಿ.

ನಾ ಹೇಳೂದು, ಎಲ್ಲೂ ಹೋಗಬ್ಯಾಡ್ರಿ, ನಮ್ಮ ವಿಜಯಪುರದ ಒಣದ್ರಾಕ್ಷಿ ತಗೋರಿ. ಅಲ್ಲಿ ತಿಕೋಟಾ ಕಡೆ ಹೋಗಿ ಬಂದವ್ರಿಗೆ ಗೊತ್ತಿರ್ತೈತಿ, ಹೊಲದಾಗ ಉದ್ದೂಕ ಶೆಡ್ ಹಾಕಿ, ಒಂದರ ಮ್ಯಾಲೊಂದು ಬಲಿ ಕಟ್ಟಿ, ದ್ರಾಕ್ಷಿಗೊಂಚಲು ಪೊಟ್ಯಾಶಿಯಂ ಕಾರ್ಬೊನೇಟ್ ಮತ್ತ ಡಿಪ್ಪಿಂಗ್ ಆಯಿಲ್ ಕಲಿಸಿದ ನೀರಾಗ ಅದ್ದಿ ಆ ಬಲಿ ಮ್ಯಾಲೆ ಹರವಿರ್ತಾರ. ಅದ್ದೂದ್ರಿಂದ ದ್ರಾಕ್ಷಿ ಸಿಪ್ಪಿ ಮ್ಯಾಲಿನ ಮೇಣ ಸಡಲ ಆಗಿ ನೀರು ಜಲ್ದಿ ಹೋಗ್ತೈತಿ, ಬಿಸಿಲು ನೇರ ಬೀಳೂದಿಲ್ಲ, ಗಾಳಿಗೆ ಒಣಗ್ತೈತಿ. ಫೆಬ್ರವರಿ ಮಾರ್ಚ್‌ನ್ಯಾಗ ಒಂದು ಅಕಾಲಿಕ ಮಳಿ ಬಂತಂದ್ರ ಆ ರೈತನ ವರ್ಷದ ದುಡಿಮಿ ಕಪ್ಪಾಗಿ ಹೋಗ್ತೈತಿ, ನಾವು ಚೌಕಾಸಿ ಮಾಡೂ ಮುಂದ ಅದು ನೆನಪಿಡ್ಬೇಕು. ಬಂಗಾರ ಬಣ್ಣ ಉಳೀಲಿ ಅಂತ ಗಂಧಕದ ಹೊಗಿ ಕೊಟ್ಟದ್ದೂ ಇರ್ತೈತಿ, ಅದಕ್ಕ ತಂದ ಕೂಡ್ಲೆ ಉಗುರುಬೆಚ್ಚನ ನೀರಾಗ ಎರಡು ಸಲ ತೊಳದು ಅರಬಿ ಮ್ಯಾಲೆ ಹರವಿ ಪೂರಾ ಆರಿಸಿ ಆಮ್ಯಾಲೆ ನೆನಿ ಹಾಕ್ರಿ. ದೇಟು ಇದ್ರ ಆರಿಸಿ ತಗೀರಿ, ಬಾಯಾಗ ಸಿಕ್ರ ಚುಚ್ತೈತಿ. ಕರಂಟ್ಸ್ ಬದಲಿಗೆ ಕಪ್ಪು ದ್ರಾಕ್ಷಿನ ಸಣ್ಣಗ ಹೆಚ್ಚಿ ನಾಲ್ಕು ಹನಿ ಲಿಂಬಿಹಣ್ಣು ಹಿಂಡಿದ್ರ ಆ ಹುಳಿ ಬರ್ತೈತಿ.

ಹಾವೇರಿಯಿಂದ ಒಬ್ಬ ಅಕ್ಕ: ನಮ್ಮೂರು ಏಲಕ್ಕಿ ಹಾರದ ಊರು, ಏಲಕ್ಕಿ ಇಲ್ಲದ ಸಿಹಿ ಮಾಡಾಕ ನಮಗ ಮನಸ್ಸು ಬರೂದಿಲ್ಲ. ಹಾಕಬಹುದ್ರ್ಯಾ?

ಅಕ್ಕಾ, ನಿಮ್ಮೂರಿನ ಹಾರದ ಮ್ಯಾಲೆ ನನಗೂ ಭಾಳ ಅಭಿಮಾನ, ಆದ್ರ ಈ ಪುಡಿಂಗ್‌ಗ ಏಲಕ್ಕಿ ಬ್ಯಾಡ. ಹಾಕಿದ್ರ ಡಬ್ಬಿ ತಗದ ಕೂಡ್ಲೆ ಶಿರಾ ವಾಸನಿ ಬಡೀತೈತಿ, ದಾಲ್ಚಿನ್ನಿ ಜಾಜಿಕಾಯಿ ಎರಡೂ ಹಿಂದ ಸರಿದು ಬಿಡ್ತಾವು. ಇಂಗ್ಲಿಷ್ ಮಿಕ್ಸ್ಡ್ ಸ್ಪೈಸ್‌ನ್ಯಾಗ ಬೇಕಾದ್ರ ಕೊತ್ತಂಬರಿಕಾಳು ಇರ್ತೈತಿ, ಅರ್ಧ ಚಮಚಾ ಹುರದು ಪುಡಿ ಮಾಡಿ ಹಾಕಿ ನೋಡ್ರಿ, ಸಂತ್ರಾ ಸಿಪ್ಪಿ ಜೋಡಿ ಎಷ್ಟು ಛಂದ ಕೂಡ್ತೈತಿ ಅಂತ. ಏಲಕ್ಕಿ ಬೇಕೇ ಬೇಕು ಅನಿಸಿದ್ರ ಮ್ಯಾಲೆ ಹಾಕೂ ಕಸ್ಟರ್ಡ್‌ನ್ಯಾಗ ಹಾಕ್ರಿ. ಕಸ್ಟರ್ಡ್ ಪೌಡರ್ ಬರೇ ಕಾರ್ನ್‌ಫ್ಲೋರ್ ಮತ್ತ ಬಣ್ಣ, ವಾಸನಿ ಅಷ್ಟ, ತತ್ತಿ ಇರೂದಿಲ್ಲ. 1837ರಾಗ ಆಲ್ಫ್ರೆಡ್ ಬರ್ಡ್ ಅನ್ನಾವ ಬರ್ಮಿಂಗ್‌ಹ್ಯಾಮ್‌ನ್ಯಾಗ ಅದನ್ನ ತಯಾರ ಮಾಡಿದ್ದ ಹೆಂಡ್ತಿಗೆ ತತ್ತಿ ಆಗಿ ಬರ್ತಿರ್ಲಿಲ್ಲ ಅಂತ. ಶಾಕಾಹಾರಿಗಳೂ ಧಾರಾಳ ತಿನ್ನಬಹುದು. ತೆಳ್ಳಗ ಮಾಡಿ ಬಿಸಿ ಇದ್ದಾಗ ಸುರೀರಿ.

ಧಾರವಾಡದಿಂದ ನಿವೃತ್ತ ಶಿಕ್ಷಕರೊಬ್ಬರು: ನಮ್ಮ ಕಡೆ ಕ್ರೈಸ್ತ ಮತ ಬಂದದ್ದು ಬಾಸೆಲ್ ಮಿಷನ್ ಮುಖಾಂತರ, ಅವರು ಜರ್ಮನ್ ಮತ್ತು ಸ್ವಿಸ್ ಜನ. ಹಾಗಿದ್ದ ಮೇಲೆ ಈ ಇಂಗ್ಲಿಷ್ ಪುಡಿಂಗ್ ಇಲ್ಲಿ ಹೇಗೆ ಬಂತು? ನಮ್ಮ ನೆರೆಯ ಕ್ರೈಸ್ತ ಬಾಂಧವರ ಮನೆಯಲ್ಲಿ ನಾನಂತೂ ಇದನ್ನು ಕಂಡಿಲ್ಲ.

ಸರ, ನೀವು ಕಂಡದ್ದು ಸರಿನ ಐತ್ರಿ. ಬಾಸೆಲ್ ಮಿಷನ್ನಿನವ್ರು 1837ರಾಗ ಧಾರವಾಡಕ್ಕ, 1839ರಾಗ ಹುಬ್ಬಳ್ಳಿಗೆ, 1841ರಾಗ ಬೆಟಗೇರಿಗೆ ಬಂದು ಸಾಲಿ, ಚರ್ಚು ಶುರು ಮಾಡಿದವ್ರು, ಅವರ ದೇಶದ ಕ್ರಿಸ್‌ಮಸ್ ಅಂದ್ರ ಓವನ್ನಿನ ಬಿಸ್ಕೀಟು, ಒಣಹಣ್ಣಿನ ಬ್ರೆಡ್ಡು, ಅವರಿಗೂ ಹಬಿ ಪುಡಿಂಗ್‌ಗೂ ಸಂಬಂಧ ಇಲ್ಲ. ನಮ್ಮ ಕನ್ನಡ ಕ್ರೈಸ್ತರ ಮನ್ಯಾಗ ಡಿಸೆಂಬರ್ 25ಕ್ಕ ತಾಟಿನ್ಯಾಗ ಬರೂದು ಕರ್ಚಿಕಾಯಿ, ಚಕ್ಲಿ, ಉಂಡಿ, ಜೋಡಿಗೆ ಕೇಕು. ಅದು ನಮ್ಮ ಮಣ್ಣಿನ ಹಬ್ಬ, ಅದಕ್ಕ ಯಾವ ಕಮ್ಮಿನೂ ಇಲ್ಲ.

ಪುಡಿಂಗ್ ಬ್ರಿಟಿಷ್ ಅಧಿಕಾರಿಗಳ ಬಂಗಲೆ ಅಡಗಿಮನಿಯೊಳಗ ಇತ್ತು, ಮತ್ತ ರೈಲಿನ ಜೋಡಿ ಬಂತು. 1880ರ ದಶಕದಾಗ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದು ವರ್ಕ್‌ಶಾಪ್ ಆದ ಮ್ಯಾಲೆ ಡ್ರೈವರ್, ಗಾರ್ಡ್, ಫೋರ್‌ಮನ್ ಅಂತ ಆಂಗ್ಲೋ ಇಂಡಿಯನ್ ಕುಟುಂಬಗಳು ಬಂದು ಕಾಲೊನಿಯೊಳಗ ನೆಲಿಸಿದ್ವು. ಮ್ಯಾಲೆ ಕೇಶ್ವಾಪುರದ ತಂಗಿ ಬರದಾಳಲ್ಲ, ಅಂಥಾ ಮನಿಗಳಿಂದ ಅದು ಬಾಜೂ ಮನಿಗೆ ಹೋಗಿದ್ದು. ಸ್ವಾತಂತ್ರ್ಯ ಬಂದ ಮ್ಯಾಲೆ ಆ ಮಂದಿ ಬಹಳಷ್ಟು ಇಂಗ್ಲೆಂಡ್, ಆಸ್ಟ್ರೇಲಿಯಾಕ್ಕ ಹೋದ್ರು, ಪುಡಿಂಗೂ ಅವರ ಜೋಡಿ ಹೋತು. ಉಳದ ಕೆಲವು ಅಜ್ಜಿಯರ ಕೈಯಾಗಿನ ಅಳತಿ ಬರದಿಟ್ಟುಕೊಳ್ಳೂದು ಈಗಿನ ಅವಶ್ಯ ಕೆಲಸಾ ಅಂತ ನನಗ ಮನಸ್ಪೂರ್ತಿ ಅನಸ್ತೈತಿ. ಅಂಥಾವ್ರು ನಿಮ್ಮ ಓಣ್ಯಾಗ ಇದ್ರ ಹೋಗಿ ಕುಂತು ಕೇಳ್ರಿ, ಬರಕೊಂಡು ನನಗೂ ಕಳಿಸ್ರಿ.

ಇನ್ನೊಂದು ನಿಮಗ ಆಸಕ್ತಿ ಆಗೂ ಸಂಗತಿ ಸರ. 1927ರಾಗ ಎಂಪೈರ್ ಮಾರ್ಕೆಟಿಂಗ್ ಬೋರ್ಡ್ ಅನ್ನೂ ಬ್ರಿಟಿಷ್ ಸರ್ಕಾರದ ಸಂಸ್ಥೆ ರಾಜನ ಅರಮನಿ ಅಡಗಿಯವನ ರೆಸಿಪಿ ಅಂತ ಒಂದು ಪುಡಿಂಗ್ ಪ್ರಚಾರಾ ಮಾಡಿತು, ಅದರಾಗ ಒಂದೊಂದು ಸಾಮಾನೂ ಸಾಮ್ರಾಜ್ಯದ ಒಂದೊಂದು ದೇಶದ್ದು, ಆಸ್ಟ್ರೇಲಿಯಾದ ದ್ರಾಕ್ಷಿ, ಸಿಲೋನಿನ ದಾಲ್ಚಿನ್ನಿ, ಝಾಂಜಿಬಾರ್‌ದ ಲವಂಗ, ನಮ್ಮ ದೇಶದ ಮಸಾಲಿ. ತಮ್ಮ ಸರಕು ಖರ್ಚಾಗ್ಲಿ ಅಂತ ಮಾಡಿದ ಹಂಚಿಕಿ ಅದು. ಈಗ ನಾವು ವಿಜಯಪುರದ ದ್ರಾಕ್ಷಿ, ಯಲ್ಲಾಪುರದ ಬೆಲ್ಲ, ನಾಗಪುರದ ಸಂತ್ರಾ ಹಾಕಿ ಅದೇ ಪುಡಿಂಗ್ ಮಾಡಾಕ ಬರ್ತೈತಿ ಅನ್ನೂದು ನನಗ ಭಾಳ ಸಮಾಧಾನದ ಮಾತು.

ನವಲಗುಂದದಿಂದ ಒಬ್ಬ ಕಾಲೇಜು ವಿದ್ಯಾರ್ಥಿ: ವಿಡಿಯೋದಾಗ ಪುಡಿಂಗ್ ಮ್ಯಾಲೆ ನೀಲಿ ಬೆಂಕಿ ಹಚ್ತಾರಲ್ರಿ ಅಕ್ಕಾರ, ಬ್ರಾಂಡಿ ಇಲ್ಲಂದ್ರ ಕರ್ಪೂರ ಇಟ್ಟು ಹಚ್ಚಬಹುದಾ? ಒಳಗ ನಾಣ್ಯ ಹಾಕ್ತಾರಂತ, ಅದು ಯಾಕ?

ಕರ್ಪೂರ ಖಂಡಿತಾ ಬ್ಯಾಡ ತಮ್ಮಾ. ಪೂಜಾ ಕರ್ಪೂರ ಹೊಟ್ಟಿಗೆ ಹೋದ್ರ ವಿಷ, ಸಣ್ಣ ಹುಡುಗ್ರಿಗಂತೂ ಸ್ವಲ್ಪ ಹೋದ್ರೂ ಫಿಟ್ಸ್ ಬರ್ತೈತಿ. ಬೆಂಕಿ ಇಲ್ಲದ ಪುಡಿಂಗ್ ತಿನ್ರಿ, ಬೆಳಕು ಬೇಕಂದ್ರ ತಾಟಿನ ಬಾಜೂ ಒಂದು ಹಣತಿ ಹಚ್ಚಿಡು. ಬ್ರಾಂಡಿ ನಡಿಯೂ ಮನಿಯವ್ರಿಗೆ ಹೇಳ್ತೀನಿ, ಎರಡು ದೊಡ್ಡ ಚಮಚಾ ಬ್ರಾಂಡಿ ಸಣ್ಣ ಸೌಟಿನ್ಯಾಗ ಬೆಚ್ಚಗ ಮಾಡ್ಬೇಕು, ಕುದಿಸಬಾರದು, ಒಲಿಯಿಂದ ದೂರ ತಂದು ಸೌಟಿಗೆ ಕಡ್ಡಿ ಹಚ್ಚಿ ಬಿಸಿ ಪುಡಿಂಗ್ ಮ್ಯಾಲೆ ಸುರೀಬೇಕು. ಬಾಟಲಿಯಿಂದ ನೇರ ಸುರಿಯೂದು ಭಾಳ ಅಪಾಯ, ಬೆಂಕಿ ಬಾಟಲಿ ಒಳಗ ಹೋಗ್ತೈತಿ. ಸೀರಿ ಸೆರಗು ಸಿಗಿಸಿಕೊಳ್ರಿ, ಹುಡುಗ್ರು ದೂರ ಇರ್ಲಿ.

ನಾಣ್ಯದ್ದು ಹಳೇ ರೂಢಿ. ಆರು ಪೆನ್ಸಿನ ಬೆಳ್ಳಿ ನಾಣ್ಯ ಹಿಟ್ಟಿನೊಳಗ ಹಾಕ್ತಿದ್ರು, ಯಾರ ಪಾಲಿಗೆ ಬರ್ತೈತಿ ಅವರಿಗೆ ಆ ವರ್ಷ ಛಲೋ ಆಗ್ತೈತಿ ಅಂತ ನಂಬಿಕಿ. ಈಗಿನ ನಾಣ್ಯ ಹಾಕಬ್ಯಾಡ್ರಿ, ಹಲ್ಲು ಮುರೀತೈತಿ, ಗಂಟಲಾಗ ಸಿಗ್ತೈತಿ. ಡೆನ್ಮಾರ್ಕ್, ಸ್ವೀಡನ್ ಕಡೆ ಕ್ರಿಸ್‌ಮಸ್‌ಗ ಅಕ್ಕಿ ಪಾಯಸದಂಥಾದ್ದು ಮಾಡಿ ಒಂದೇ ಒಂದು ಇಡೀ ಬದಾಮ ಹಾಕ್ತಾರ, ನೀವೂ ಹಂಗ ಮಾಡ್ರಿ. ತಿರುವೂ ಮುಂದ ಮನಿಯವ್ರೆಲ್ಲಾ ಒಬ್ಬೊಬ್ಬರು ಒಂದೊಂದು ಸಲ ಕೈ ಹಾಕಿ ಮನಸ್ಸಿನ್ಯಾಗ ಏನರ ಬೇಡ್ಕೊಳ್ಳೂದು ಇನ್ನೊಂದು ರೂಢಿ, ಮೂಡಣದ ಜ್ಞಾನಿಗಳು ಶಿಶು ಯೇಸುವನ್ನ ನೋಡಾಕ ಬಂದ್ರು ಅಂತ ಪೂರ್ವದಿಂದ ಪಶ್ಚಿಮಕ್ಕ ತಿರುವ್ತಾರ. ಅಡ್ವೆಂಟ್ (ಕ್ರಿಸ್‌ಮಸ್ ಮುಂಚಿನ ತಯಾರಿ ವಾರಗಳು) ಶುರು ಆಗೂ ಹಿಂದಿನ ಐತ್ವಾರ, ಅಂದ್ರ ಹಬ್ಬಕ್ಕ ಸುಮಾರು ಐದು ವಾರ ಮೊದಲು, ಅದಕ್ಕ ಮೀಸಲು. ಇದು ನನಗ ಎಲ್ಲಾಕ್ಕಿಂತ ಹಿಡಿಸಿದ ಪದ್ಧತಿ, ಅಡಗಿ ಒಬ್ಬಾಕಿದ ಕೆಲಸಾ ಆಗೂದಿಲ್ಲ ಅವತ್ತು.

ನವನಗರದಿಂದ ಒಬ್ಬರು: ಹೋದ ವರ್ಷ ಮಾಡಿದ್ದೆ. ಮ್ಯಾಲೆ ನೀರು ನೀರು, ಒಳಗ ಬೆಳ್ಳಗ, ಕೊಯ್ದ ಕೂಡ್ಲೆ ಪುಡಿ ಪುಡಿ ಆತು. ಉಳದದ್ದಕ್ಕ ಬೂಷ್ಟು ಬಂತು.

ಮ್ಯಾಲೆ ನೀರು ಅಂದ್ರ ಫಾಯಿಲ್ ಸಡಲ ಇತ್ತು, ಮುಚ್ಚಳದ ಹನಿ ಒಳಗ ಬಿದ್ದೈತಿ. ಸುತಳಿ ಎರಡು ಸುತ್ತು ಹಾಕ್ರಿ, ಬೋಗಾಣಿ ಮುಚ್ಚಳಕ್ಕ ಒಂದು ಅರಬಿ ಸುತ್ತಿದ್ರ ಹನಿ ಅದು ಹೀರ್ಕೊಳ್ತೈತಿ, ಅರಬಿ ತುದಿ ಮಾತ್ರ ಉರಿಗೆ ತಾಗದಂಗ ಮ್ಯಾಲೆ ಕಟ್ರಿ. ಬೆಳ್ಳಗಾಗಿದ್ದು ಹಳದಿ ಬೆಲ್ಲ ಹಾಕಿ ಜಲ್ದಿ ಇಳಿಸಿದ್ದಕ್ಕ. ಪುಡಿ ಆಗಿದ್ದು ಬಿಸಿ ಬಿಸಿ ಕೊಯ್ದದ್ದಕ್ಕ ಇರ್ಬೇಕು, ಮಗುಚಿದ ಮ್ಯಾಲೆ ಒಂದು 15 ಮಿನಿಟ್ ಬಿಟ್ಟು, ಚಾಕು ಬಿಸಿ ನೀರಾಗ ಅದ್ದಿ ಕೊಯ್ರಿ. ಬೂಷ್ಟು ಬಂದದ್ದು ಮ್ಯಾಲಿಂದ ಕೆರದು ತಿನ್ನೂದು ಬ್ಯಾಡ, ಪೂರ್ತಿ ಒಗೀರಿ. ಇಂಗ್ಲೆಂಡಿನ ಥಂಡಿ ಕೋಣ್ಯಾಗ ಬ್ರಾಂಡಿ ಹಾಕಿದ ಪುಡಿಂಗ್ ತಿಂಗಳುಗಟ್ಟಲೆ ಇಡ್ತಾರ, ನಮ್ಮಲ್ಲಿ ಡಿಸೆಂಬರ್‌ನ್ಯಾಗೂ ಮಧ್ಯಾಹ್ನ ಬಿಸಿಲು ಚುರುಚುರು ಅಂತೈತಿ, ಅದರಾಗ ನಮ್ಮದಕ್ಕ ಬೆಣ್ಣಿ, ಹಸಿ ಸೇಬು ಹಾಕಿರ್ತೀವಿ. ಬ್ರಾಂಡಿ ಹಾಕಿದ್ದೂ ಫ್ರಿಜ್‌ನ್ಯಾಗ ಇಡ್ರಿ, ಬೇಯಿಸಿದ ಬಟರ್ ಪೇಪರ್ ತಗದು ಹೊಸದು ಹಾಕಿ ಕಟ್ಟಿಡ್ರಿ.

ಬೆಟಗೇರಿಯಿಂದ ಒಬ್ಬ ಕಾಕಾ: ನನಗ ಶುಗರ್ ಐತಿ. ಬೆಲ್ಲ ಹಾಕಿದ್ದಲ್ಲ, ತಿನ್ನಬಹುದಲ್ಲವಾ?

ಕಾಕಾ, ಬೆಲ್ಲಾನೂ ಸಕ್ರಿನ. ಒಣದ್ರಾಕ್ಷಿ 100 ಗ್ರಾಂ ತಗೊಂಡ್ರ ಅದರಾಗ ಹತ್ತಿರತ್ತಿರ 60 ಗ್ರಾಂ ಸಕ್ರಿ ಇರ್ತೈತಿ. ಡಾಕ್ಟರ್‌ನ್ನ ಕೇಳ್ರಿ, ಹೂಂ ಅಂದ್ರ ಎರಡು ಬಟ್ಟಿನಷ್ಟು ಚೂರು, ಕಸ್ಟರ್ಡ್ ಇಲ್ಲದ, ಊಟಾದ ಮ್ಯಾಲೆ.

ಕೊಪ್ಪಿಕರ್ ರೋಡ್, ಹುಬ್ಬಳ್ಳಿಯಿಂದ ಒಬ್ಬರು: ಹಬ್ಬ ಆದ ಮ್ಯಾಲೆ ಉಳದ ಪುಡಿಂಗ್ ಏನ್ ಮಾಡೂದು? ನಾಯಿಗೆ ಹಾಕ್ಬಹುದಾ?

ನಾಯಿಗೆ ಒಂದು ಚೂರೂ ಹಾಕಬ್ಯಾಡ್ರಿ, ದ್ರಾಕ್ಷಿ, ಒಣದ್ರಾಕ್ಷಿ ನಾಯಿ ಕಿಡ್ನಿ ಕೆಡಸ್ತಾವು, ಕೆಲವು ನಾಯಿಗೆ ಸ್ವಲ್ಪಕ್ಕೂ ಜೀವಕ್ಕ ಬರ್ತೈತಿ. ತಿಂದಿದ್ರ ಕಾಯಬ್ಯಾಡ್ರಿ, ಕೂಡ್ಲೆ ಪಶುವೈದ್ಯರ ಕಡೆ ಕರ್ಕೊಂಡು ಹೋಗ್ರಿ. ಉಳದದ್ದು ಮನುಷ್ಯಾರಿಗೆ ಬರೋಬ್ಬರಿ ತಿಂಡಿ ಐತಿ. ಫ್ರಿಜ್‌ನ್ಯಾಗಿಂದ ತಗದ ಗಟ್ಟಿ ಪುಡಿಂಗ್ ಅರ್ಧ ಇಂಚು ದಪ್ಪ ಕೊಯ್ದು, ದ್ವಾಸಿ ಹಂಚಿನ ಮ್ಯಾಲೆ ಸ್ವಲ್ಪ ಬೆಣ್ಣಿ ಬಿಟ್ಟು ಸಣ್ಣ ಉರಿಯೊಳಗ ಎರಡೂ ಬದಿ ಕಾಯಿಸ್ರಿ, ಅಂಚಿನ ಬೆಲ್ಲ ಕರಗಿ ಗರಿಗರಿ ಆಗ್ತೈತಿ. ಜಾಸ್ತಿ ಹೊತ್ತು ಬಿಟ್ರ ದ್ರಾಕ್ಷಿ ಸುಟ್ಟು ಕಹಿ ಆಗ್ತಾವು, ಒಂದೊಂದು ಬದಿಗೆ ಎರಡು ಮಿನಿಟ್ ಸಾಕು. ಸಕ್ರಿ ಕಡಿಮಿ ಹಾಕಿದ ಚಹಾ ಜೋಡಿ ಕೊಡ್ರಿ.